ಹೈ-ಲಿಫ್ಟ್ ಜ್ಯಾಕಿಗೆ ಗಾಡಿಯೊಳಗೊಂದು ಭದ್ರ ಜಾಗ: ಬೈಕಂಪಾಡಿಯಲ್ಲಿ ಮಾಡಿಸಿದ ಬ್ರ್ಯಾಕೆಟ್ ಜೋಡಿಯ ವಿಮರ್ಶೆ

ಗುಡ್ಡದ ದಾರಿ, ತೋಟದ ದಾರಿಗಳಲ್ಲಿ ಜೀಪು ಓಡಿಸುವವರು ಹೈ-ಲಿಫ್ಟ್ ಜ್ಯಾಕ್, ಎಂದರೆ ಹೂತುಹೋದ ಗಾಡಿಯನ್ನು ಎತ್ತರಕ್ಕೆ ಎತ್ತುವ ಉದ್ದನೆಯ ಜ್ಯಾಕ್, ಕೊಳ್ಳುವಾಗ ಹತ್ತು ಕಡೆ ವಿಚಾರಿಸುತ್ತಾರೆ. ಕೊಂಡ ಮೇಲೆ ಅದನ್ನು ಗಾಡಿಯಲ್ಲಿ ಎಲ್ಲಿ ಇಡುವುದು ಎಂಬುದನ್ನು ಮಾತ್ರ ಬಿಡಿಭಾಗ ಮಾರುವ ಅಂಗಡಿಯವರಿಗೋ ಗ್ಯಾರೇಜಿನವರಿಗೋ ಬಿಟ್ಟುಬಿಡುತ್ತಾರೆ. 48 ಇಂಚಿನ ಜ್ಯಾಕ್ ಎಂದರೆ ನಾಲ್ಕು ಅಡಿ ಉದ್ದದ, ಸುಮಾರು 13 ಕಿಲೋ ತೂಕದ, ಎರಕದ ಕಬ್ಬಿಣ ಮತ್ತು ಉಕ್ಕು ಸೇರಿದ ವಸ್ತು. ಡಿಕ್ಕಿಯ ಮೂಲೆಗೆ ಒರಗಿಸಿ ಹಗ್ಗ ಸುತ್ತಿ ಬಿಡುವಂಥದ್ದಲ್ಲ. ಮಂಗಳೂರು, ಉಡುಪಿಯಂಥ ಊರುಗಳಲ್ಲಿ ಯಾವ ಜ್ಯಾಕ್ ಕೊಂಡಿರಿ ಎನ್ನುವುದಕ್ಕಿಂತ ಅದನ್ನು ಎಲ್ಲಿ ಇಟ್ಟಿರಿ ಎನ್ನುವುದೇ ಅದು ಬೇಕಾದ ಹೊತ್ತಿಗೆ ಕೆಲಸ ಮಾಡುತ್ತದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ನಾನು ವಿಮರ್ಶಿಸುತ್ತಿರುವುದು ಬೈಕಂಪಾಡಿ ಕೈಗಾರಿಕಾ ಪ್ರದೇಶದ ಸಣ್ಣ ಫ್ಯಾಬ್ರಿಕೇಶನ್ ಶೆಡ್ಡೊಂದರಲ್ಲಿ ಮಾಡಿಸಿಕೊಂಡ, ಜ್ಯಾಕನ್ನು ಗಾಡಿಯ ಒಳನೆಲಕ್ಕೆ ಬಿಗಿದು ಹಿಡಿಯುವ ಬ್ರ್ಯಾಕೆಟ್ ಜೋಡಿಯನ್ನು. ಗಾಡಿ 2010ರಲ್ಲಿ ಬಂದ ಮೊದಲ ತಲೆಮಾರಿನ ಮಹೀಂದ್ರ ಥಾರ್; ಜ್ಯಾಕ್ ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮ್‌ಫೀಲ್ಡ್ ಎಂಬಲ್ಲಿ 1905ರಿಂದ ತಯಾರಾಗುತ್ತಿರುವ ಮೂಲ ಹೈ-ಲಿಫ್ಟ್. ಇದೇ ಮಾದರಿಯ ಜ್ಯಾಕುಗಳು ಫಾರ್ಮ್ ಜ್ಯಾಕ್ ಎಂಬ ಹೆಸರಿನಲ್ಲಿ ಬೇರೆ ತಯಾರಕರಿಂದಲೂ ಸಿಗುತ್ತವೆ, ಬ್ರ್ಯಾಕೆಟ್ಟಿನ ಮಟ್ಟಿಗೆ ಅವುಗಳಿಗೂ ಈ ಮಾತುಗಳೇ ಅನ್ವಯಿಸುತ್ತವೆ.

ಈ ಜ್ಯಾಕಿನ ಜೀವ ಇರುವುದು ಎರಡು ಪಿನ್ನುಗಳಲ್ಲಿ. ಸಾಲಾಗಿ ತೂತುಗಳಿರುವ ಉಕ್ಕಿನ ಪಟ್ಟಿಯ ಮೇಲೆ ಏರಿಳಿಯುವ ಭಾಗದೊಳಗೆ ಒಂದರ ಮೇಲೊಂದರಂತೆ ಎರಡು ಪಿನ್ನುಗಳಿದ್ದು, ಹಿಡಿಯನ್ನು ಒತ್ತಿದಾಗ ಒಂದು ಪಿನ್ನು ಭಾರವನ್ನು ಹೊತ್ತುಕೊಳ್ಳುತ್ತದೆ, ಇನ್ನೊಂದು ಹಿಂದೆ ಸರಿದು ಮುಂದಿನ ತೂತಿಗೆ ಹಾರುತ್ತದೆ. ಹಾಗೆ ಹಾರಿಸುವುದು ಬೆರಳುದ್ದದ ಒಂದು ಸ್ಪ್ರಿಂಗು. ಪಿನ್ನಿನ ಸುತ್ತ ಮುರಕಲ್ಲಿನ (ಜಂಬಿಟ್ಟಿಗೆಯ) ಕೆಂಪು ಧೂಳು ಎಣ್ಣೆಯೊಂದಿಗೆ ಕಲಸಿ ಗಟ್ಟಿಯಾದರೆ, ಅಥವಾ ಸ್ಪ್ರಿಂಗಿಗೆ ತುಕ್ಕು ಹಿಡಿದು ಬಲ ಕುಂದಿದರೆ, ಪಿನ್ನು ತೂತಿನೊಳಗೆ ಪೂರ್ತಿ ಕೂರುವುದಿಲ್ಲ. ಸುಮಾರು 2,100 ಕಿಲೋ ಎತ್ತಬಲ್ಲ ಜ್ಯಾಕ್ ಆಗ ಒಂದು ಹಲ್ಲೂ ಏರದೆ ನಿಲ್ಲುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಅರ್ಧ ಏರಿದ ಮೇಲೆ ಇಳಿಯಲು ಒಪ್ಪದಿರುವುದು. ಪಟ್ಟಿ ಬಾಗಿತು, ಎರಕ ಒಡೆಯಿತು ಎಂಬ ದೂರು ಅಪರೂಪ. ಪಿನ್ನು ಸಿಕ್ಕಿಹಾಕಿಕೊಂಡಿತು ಎಂಬುದು ಈ ಕಡೆ ಜ್ಯಾಕ್ ಇಟ್ಟುಕೊಂಡವರೆಲ್ಲರೂ ಹೇಳುವ ಮಾತು. ಆದ್ದರಿಂದ ಯಾವುದೇ ಬ್ರ್ಯಾಕೆಟ್ಟನ್ನು ಅಳೆಯುವಾಗ ನಾನು ಮೊದಲು ನೋಡುವುದು, ಅದು ಈ ಎರಡು ಪಿನ್ನುಗಳನ್ನು ಯಾವ ಸ್ಥಿತಿಯಲ್ಲಿ ಇಡುತ್ತದೆ ಎಂಬುದನ್ನು.

ಕರಾವಳಿಯ ಹವೆ ಈ ವಿಷಯದಲ್ಲಿ ಯಾವ ದಾಕ್ಷಿಣ್ಯವನ್ನೂ ತೋರಿಸುವುದಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಮಳೆಗಿಂತಲೂ ಹೆಚ್ಚಿನ ಶತ್ರು ಉಪ್ಪು. ಗಾಳಿಯ ತೇವ ಶೇಕಡಾ 75 ದಾಟಿದರೆ ಲೋಹದ ಮೇಲೆ ಕುಳಿತ ಉಪ್ಪು ತಾನಾಗಿಯೇ ನೀರೆಳೆದುಕೊಂಡು ಕರಗುತ್ತದೆ. ನಮ್ಮಲ್ಲಿ ಮಳೆಗಾಲವಿಡೀ, ಉಳಿದ ತಿಂಗಳುಗಳಲ್ಲಿಯೂ ಹೆಚ್ಚಾಗಿ ರಾತ್ರಿ, ಬೆಳಗಿನ ಹೊತ್ತು ತೇವ ಆ ಮಟ್ಟವನ್ನು ಮುಟ್ಟುತ್ತದೆ. ಹೀಗಾಗಿ ಮಲ್ಪೆ, ಕಾಪು, ಪಣಂಬೂರು, ಉಳ್ಳಾಲದ ಕಡೆ ಮನೆಯಿರುವವರ ಗಾಡಿಯ ಹೊರಮೈಯಲ್ಲಿ ತೂಗುವ ಜ್ಯಾಕ್, ಒಂದು ಹನಿ ಮಳೆ ಬೀಳದ ಫೆಬ್ರವರಿಯಲ್ಲೂ ಬೆಳಗಿನ ಹೊತ್ತು ಒದ್ದೆಯಾಗಿರುವುದುಂಟು. ಬೆಂಗಳೂರಿನವರೋ ರಾಜಸ್ಥಾನದವರೋ ಹೊರಗಡೆ ಬಿಗಿದುಕೊಂಡು ತಿರುಗಾಡುವ ಚಿತ್ರಗಳನ್ನು ನೋಡಿ ಇಲ್ಲಿ ಹಾಗೆಯೇ ಮಾಡಹೊರಟರೆ ಪೆಟ್ಟು ಬೀಳುವುದು ಇಲ್ಲಿಯೇ.

ಹೊರಗೆ ಬಿಗಿಯುವ ಜಾಗಗಳನ್ನು ಒಮ್ಮೆ ನೋಡೋಣ. ಬಾನೆಟ್ಟಿನ ಮೇಲೆ ಅಡ್ಡಲಾಗಿ ಕೂರಿಸುವ ಬ್ರ್ಯಾಕೆಟ್ಟುಗಳು ನೋಡಲು ಗತ್ತಾಗಿರುತ್ತವೆ ಎಂಬುದೊಂದೇ ಅವುಗಳ ಗುಣ. ತೆಳು ತಗಡಿನ ಮೇಲೆ 13 ಕಿಲೋ ಕುಣಿಯುತ್ತಿರುತ್ತದೆ, ಘಾಟಿಯ ತಿರುವಿನಲ್ಲಿ ಎಡಗಡೆಯ ಅಂಚು ಕಾಣಿಸದಂತೆ ಮಾಡುತ್ತದೆ, ಬಾನೆಟ್ಟು ತೆರೆಯುವಾಗಲೆಲ್ಲ ಇಬ್ಬರು ಬೇಕಾಗುತ್ತಾರೆ. ಮುಂದಿನ ಬಂಪರಿನ ಮೇಲೆ ಹಾಕಿದರೆ ರೇಡಿಯೇಟರಿಗೆ ಹೋಗುವ ಗಾಳಿಗೆ ಅಡ್ಡ, ಎದುರಿನ ಬಸ್ಸು ಚಿಮ್ಮಿಸುವ ಕೆಸರಿಗೆ ನೇರ ಗುರಿ, ಯಾರಿಗಾದರೂ ಗಾಡಿ ತಾಗಿದರೆ ಆಗುವ ಗಾಯವೂ ದೊಡ್ಡದು. ಕಾನೂನಿನ ಕಡೆಯಿಂದಲೂ ಈ ಜಾಗ ತೊಂದರೆಯದ್ದೇ. ಗಾಡಿಗಳ ಮುಂದೆ ಅನಧಿಕೃತವಾಗಿ ಹಾಕಿಸುವ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ಕ್ಕೆ ವಿರುದ್ಧವಾದುದರಿಂದ ಕ್ರಮ ಕೈಗೊಳ್ಳಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿಯೇ ರಾಜ್ಯಗಳಿಗೆ ಬರೆದಿದೆ. ಅಂಥ ಗಾರ್ಡಿನ ಮೇಲೆ ಕೂರಿಸಿದ ಜ್ಯಾಕಿಗೆ ಯಾವ ರಕ್ಷಣೆಯೂ ಇಲ್ಲ.

ಹೆಚ್ಚಿನವರು ಆರಿಸಿಕೊಳ್ಳುವುದು ಹಿಂದಿನ ಬಾಗಿಲಿನ ಸ್ಟೆಪ್ನಿಯ ಜಾಗವನ್ನು. ಸ್ಟೆಪ್ನಿಯ ಬೋಲ್ಟುಗಳಿಗೇ ಒಂದು ತಟ್ಟೆ ಸೇರಿಸಿ ಅದರ ಮೇಲೆ ಜ್ಯಾಕನ್ನು ಓರೆಯಾಗಿ ನಿಲ್ಲಿಸುವ ಬ್ರ್ಯಾಕೆಟ್ಟುಗಳು ಸುಲಭವಾಗಿ ಸಿಗುತ್ತವೆ, ಗಾಡಿಗೆ ಒಂದು ತೂತನ್ನೂ ಕೊರೆಯಬೇಕಾಗಿಲ್ಲ, ತೆಗೆಯುವಾಗ ಜ್ಯಾಕ್ ಸೊಂಟದ ಎತ್ತರದಲ್ಲೇ ಕೈಗೆ ಸಿಗುತ್ತದೆ. ಇಷ್ಟು ಅನುಕೂಲವಿದ್ದರೂ ನಾನು ಅದನ್ನು ಬೇಡವೆಂದುಕೊಂಡದ್ದಕ್ಕೆ ಕಾರಣಗಳಿವೆ. ಓಡುವ ಗಾಡಿಯ ಹಿಂಬದಿಯಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುವುದರಿಂದ ಹಿಂದಿನ ಚಕ್ರಗಳು ಎಬ್ಬಿಸಿದ ಧೂಳು, ಕೆಸರಿನ ತುಂತುರು ಎಲ್ಲವೂ ಬಾಗಿಲಿನ ಮೇಲೆಯೇ ಬಂದು ಕೂರುತ್ತದೆ. ಜ್ಯಾಕಿನ ಪಿನ್ನುಗಳನ್ನು ಕೆಡಿಸಲು ಗಾಡಿಯಲ್ಲಿ ಇದಕ್ಕಿಂತ ಪ್ರಶಸ್ತವಾದ ಜಾಗ ಇನ್ನೊಂದಿಲ್ಲ. ಬಾಗಿಲಿನ ಕೀಲುಗಳು ಮೊದಲೇ ಸ್ಟೆಪ್ನಿಯ ಭಾರವನ್ನು ಹೊತ್ತಿವೆ. ಅದರ ಹೊರಗಡೆಗೆ ಇನ್ನೂ 13 ಕಿಲೋ ಸೇರಿಸಿದರೆ, ಭಾರ ಕೀಲಿನಿಂದ ದೂರ ಇದ್ದಷ್ಟೂ ಎಳೆತ ಹೆಚ್ಚುವುದರಿಂದ, ಗುಂಡಿಬಿದ್ದ ರಸ್ತೆಯಲ್ಲಿ ಬಾಗಿಲು ಜೋಲುವುದಕ್ಕೆ ಬಹಳ ಕಾಲ ಬೇಕಾಗುವುದಿಲ್ಲ. ಓರೆಯಾಗಿ ನಿಂತ ಪಟ್ಟಿಯ ತುದಿ ನಂಬರ್ ಪ್ಲೇಟನ್ನೋ ಹಿಂದಿನ ದೀಪವನ್ನೋ ಮರೆಮಾಡಿದರೆ ದಂಡ ಕಟ್ಟುವ ಕೆಲಸವೂ ಸೇರಿಕೊಳ್ಳುತ್ತದೆ. ಕಳ್ಳರ ಭಯಕ್ಕೆ ಬೀಗ ಹಾಕಿದರೆ ಉಪ್ಪುಗಾಳಿಗೆ ಆ ಬೀಗವೇ ಹಿಡಿದುಕೊಳ್ಳುತ್ತದೆ; ಹೊರಗಡೆಯೇ ಇಡುತ್ತೇನೆ ಎನ್ನುವವರು ಕನಿಷ್ಠ ಪೂರ್ತಿ ಹಿತ್ತಾಳೆಯ ಬೀಗವನ್ನಾದರೂ ಕೊಳ್ಳಲಿ.

ಛಾವಣಿಯ ಕ್ಯಾರಿಯರಿನ ಪಕ್ಕಕ್ಕೆ ಉದ್ದುದ್ದವಾಗಿ ಬಿಗಿಯುವುದು ಹೊರಗಿನ ಜಾಗಗಳಲ್ಲೆಲ್ಲ ವಾಸಿ. ಕೆಸರು ಅಲ್ಲಿಯವರೆಗೆ ಹಾರುವುದಿಲ್ಲ, ಧೂಳೂ ಕಡಿಮೆ. ಆದರೆ ಅಷ್ಟು ಭಾರ ಛಾವಣಿಗೇರಿದರೆ ಪಕ್ಕಕ್ಕೆ ವಾಲಿದ ಗುಡ್ಡದ ದಾರಿಯಲ್ಲಿ ಗಾಡಿಯ ತೂಕಕೇಂದ್ರ ಮೇಲಕ್ಕೆ ಹೋಗುತ್ತದೆ, ಮತ್ತು ಜ್ಯಾಕ್ ನಿಜವಾಗಿ ಬೇಕಾಗುವುದು ಇಂಥ ವಾಲಿದ ಜಾಗದಲ್ಲಿಯೇ. ಒದ್ದೆ ಚಕ್ರದ ಮೇಲೆ ಕಾಲಿಟ್ಟು ಹತ್ತಿ, ತಲೆಯ ಮೇಲಿಂದ 13 ಕಿಲೋ ಕಬ್ಬಿಣವನ್ನು ಇಳಿಸುವ ಕೆಲಸ ಎಲ್ಲರ ಸೊಂಟಕ್ಕೂ ಹೇಳಿದ್ದಲ್ಲ. ಛಾಸಿಯ ಅಡಿಗೆ, ಬದಿಯ ಮೆಟ್ಟಿಲಿನ ಕೆಳಗೆ ಬಿಗಿಯುವ ಪದ್ಧತಿಯೂ ಒಂದಿದೆ. ಅದರ ಬಗ್ಗೆ ಹೇಳಲು ಏನೂ ಇಲ್ಲ, ಬಿಟ್ಟುಬಿಡಿ.

ಉಳಿದದ್ದು ಒಳಗಿನ ಜಾಗ. ಒಳಗೆ ಇಟ್ಟರೆ ಪಿನ್ನುಗಳು ಒಣಗಿರುತ್ತವೆ, ಕಳ್ಳರ ಭಯವಿಲ್ಲ, ಗಾಡಿಯ ಹೊರಮೈಗೆ ಯಾವ ಬದಲಾವಣೆಯೂ ಇಲ್ಲ. ಅಪಾಯ ಇರುವುದು ಅಪಘಾತದ ಹೊತ್ತಿನಲ್ಲಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದ ಗಾಡಿ ಎಲ್ಲಿಗೋ ಬಡಿದು 70 ಸೆಂಟಿಮೀಟರಿನಷ್ಟು ದೂರದಲ್ಲಿ ನಿಂತುಬಿಟ್ಟಿತು ಎಂದುಕೊಂಡರೆ, ಶಾಲೆಯಲ್ಲಿ ಕಲಿತ ಲೆಕ್ಕದಂತೆಯೇ, ಒಳಗಿರುವ ಪ್ರತಿಯೊಂದು ವಸ್ತುವೂ ತನ್ನ ತೂಕದ ಸುಮಾರು 14 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. 13 ಕಿಲೋ ಜ್ಯಾಕಿಗೆ ಅದು 180 ಕಿಲೋಗ್ರಾಂ ಭಾರಕ್ಕೆ ಸಮ. ಹಗ್ಗ, ಬಂಜಿ ಕಾರ್ಡ್, ಪ್ಲಾಸ್ಟಿಕ್ ಟೈ ಇವು ಯಾವುವೂ ಈ ಬಲದ ಎದುರು ನಿಲ್ಲುವುದಿಲ್ಲ. ಮುಂದಿನ ಸೀಟಿನಲ್ಲಿ ಕುಳಿತವರ ಕುತ್ತಿಗೆಯ ಎತ್ತರದಲ್ಲಿ, ರೋಲ್ ಬಾರಿನ ಅಡ್ಡ ಪೈಪಿಗೆ ಜ್ಯಾಕ್ ಬಿಗಿದಿರುವ ಗಾಡಿಗಳನ್ನು ಕಂಡಾಗ ನನಗೆ ಮೈ ಜುಂ ಎನ್ನುತ್ತದೆ. ಒಳಗೆ ಇಡುವುದಾದರೆ ನೆಲಕ್ಕೆ ಹತ್ತಿರ, ಮುಂದಿನ ಸೀಟುಗಳ ಬುಡದ ಹಿಂದೆ, ಅಡ್ಡಲಾಗಿ, ಬೋಲ್ಟು ಹಾಕಿ ಬಿಗಿದಿರಬೇಕು. ನಾನು ಮಾಡಿಸಿಕೊಂಡ ಬ್ರ್ಯಾಕೆಟ್ಟು ಈ ಒಂದು ಷರತ್ತಿನ ಮೇಲೆಯೇ ರೂಪುಗೊಂಡದ್ದು.

ಬ್ರ್ಯಾಕೆಟ್ಟಿನ ರಚನೆ ಸರಳ. ಐದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡನ್ನು ಇಂಗ್ಲಿಷಿನ ಝಡ್ ಅಕ್ಷರದಂತೆ ಮಡಿಸಿದ ಎರಡು ತುಂಡುಗಳು. ಒಂದೊಂದರ ಮೇಲ್ಭಾಗದಲ್ಲಿ 12 ಮಿಲಿಮೀಟರಿನ ಒಂದು ಸ್ಟಡ್ ಬೋಲ್ಟನ್ನು ವೆಲ್ಡ್ ಮಾಡಿ ನಿಲ್ಲಿಸಲಾಗಿದೆ. ಜ್ಯಾಕಿನ ಪಟ್ಟಿಯಲ್ಲಿರುವ ತೂತುಗಳ ಮೂಲಕ ಈ ಸ್ಟಡ್‌ಗಳು ಹೊರಬರುತ್ತವೆ, ಮೇಲಿನಿಂದ ಕೈಯಲ್ಲೇ ತಿರುಗಿಸುವ ನಾಬ್ ಹಾಕಿ ಬಿಗಿಯಬೇಕು. ಪಟ್ಟಿ ಮತ್ತು ಬ್ರ್ಯಾಕೆಟ್ಟು ತಾಗುವಲ್ಲಿ ಮೂರು ಮಿಲಿಮೀಟರಿನ ರಬ್ಬರ್ ಶೀಟು. ನೆಲದ ಅಡಿಯಿಂದ ಕೊಡಲು ಅಂಗೈಯಗಲದ ನಾಲ್ಕು ಉಕ್ಕಿನ ತಟ್ಟೆಗಳು. ಈ ತಟ್ಟೆಗಳನ್ನು ಬೇಡವೆಂದು ಬಿಡುವವರೇ ಹೆಚ್ಚು, ಆದರೆ ಇಡೀ ಜೋಡಣೆಯ ಬಲವಿರುವುದು ಅವುಗಳಲ್ಲೇ. ಅಪಘಾತದಲ್ಲಿ 12 ಮಿಲಿಮೀಟರಿನ ಬೋಲ್ಟು ತುಂಡಾಗುವುದಿಲ್ಲ. ತೆಳುವಾದ ನೆಲದ ತಗಡು ಹರಿದು ಬೋಲ್ಟು ವಾಶರ್ ಸಮೇತ ಮೇಲಕ್ಕೆ ಕಿತ್ತುಬರುತ್ತದೆ. ಅಡಿಯಲ್ಲಿ ಅಗಲವಾದ ತಟ್ಟೆಯಿದ್ದರೆ ಎಳೆತ ಅಷ್ಟಗಲದ ನೆಲಕ್ಕೆಲ್ಲ ಹಂಚಿಹೋಗುತ್ತದೆ.

ಕೆಲಸದ ಗುಣಮಟ್ಟಕ್ಕೆ ನಾನು ಒಳ್ಳೆಯ ಅಂಕವನ್ನೇ ಕೊಡುತ್ತೇನೆ. ವೆಲ್ಡಿಂಗ್ ಸರದಂತೆ ಒಂದೇ ಸಮನಾಗಿ ಸುತ್ತುವರಿದಿದೆ, ಎಲ್ಲಿಯೂ ಬಿಟ್ಟುಹೋದ ಗುಳಿಯಿಲ್ಲ; ಮಡಿಕೆಯ ಹೊರ ಅಂಚಿನಲ್ಲಿ ಬಿರುಕಿಲ್ಲ; ಎರಡು ಸ್ಟಡ್‌ಗಳ ನಡುವಿನ ಅಂತರ ಜ್ಯಾಕಿನ ತೂತುಗಳಿಗೆ ಸರಿಯಾಗಿ ಹೊಂದುತ್ತದೆ. ಕೊಡುವ ಮುನ್ನ ನನ್ನ ಜ್ಯಾಕನ್ನೇ ತರಿಸಿಕೊಂಡು ಕೂರಿಸಿ ನೋಡಿ ಕೊಟ್ಟದ್ದು ಮೆಚ್ಚತಕ್ಕ ವಿಷಯ. ಕಪ್ಪು ಪೌಡರ್ ಕೋಟಿಂಗ್ ಮಾತ್ರ ಸಾಧಾರಣ. ಅಗಲವಾದ ಮೈಯಲ್ಲಿ ಗಟ್ಟಿಯಾಗಿ ನಿಂತಿದೆ, ಆದರೆ ಕತ್ತರಿಸಿದ ಅಂಚುಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡದೇ ಹೋದುದರಿಂದ ಅಲ್ಲೆಲ್ಲ ಬಣ್ಣ ತೆಳುವಾಗಿ ಕೂತು, ಮೊದಲ ಮಳೆಗಾಲದಲ್ಲಿಯೇ ಅಂಚಿನುದ್ದಕ್ಕೂ ಕೆಂಪು ಗೆರೆ ಎದ್ದಿತು. ಚೂಪಾದ ಅಂಚಿನ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ ಎಂಬುದು ಕರಾವಳಿಯ ಗೇಟು, ಗ್ರಿಲ್ ಮಾಡುವವರಿಗೆ ಹೊಸತಲ್ಲ. ಮಾಡಿಸುವವರು ಮುಂಚಿತವಾಗಿಯೇ ಅಂಚು ದುಂಡಗೆ ಮಾಡಿಸಿ, ಬಣ್ಣದ ಅಡಿಗೆ ಜಿಂಕ್ ಪ್ರೈಮರ್ ಕೊಡಿಸಿಕೊಳ್ಳುವುದು ಒಳ್ಳೆಯದು.

ಜೊತೆಯಲ್ಲಿ ಕೊಟ್ಟ ಬೋಲ್ಟು, ನಟ್ಟುಗಳೇ ಈ ಸೆಟ್ಟಿನ ದುರ್ಬಲ ಕೊಂಡಿ. ಅವು ಹಾರ್ಡ್‌ವೇರ್ ಅಂಗಡಿಗಳಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ, ತೆಳುವಾದ ಜಿಂಕ್ ಲೇಪನದ ಮಾಲು. ಗಾಡಿಯ ಅಡಿಯಲ್ಲಿ ಉಪ್ಪು, ನೀರು, ಕೆಸರು ತಾಗುವಲ್ಲಿ ಆ ಲೇಪನ ಮೊದಲು ಬಿಳಿ ಪುಡಿಯಾಗಿ, ಆಮೇಲೆ ಕಂದು ತುಕ್ಕಾಗಿ ಹೋಗುತ್ತದೆ. ಈ ಬಗ್ಗೆ ಶೆಡ್ಡಿನವರಲ್ಲಿ ಕೇಳಿದಾಗ ಸಿಕ್ಕ ಉತ್ತರ ಪ್ರಾಮಾಣಿಕವಾಗಿತ್ತು: "ಸ್ಟೇನ್‌ಲೆಸ್ ಬೇಕಾದ್ರೆ ಹಾಕಿ ಕೊಡುವಾ ಸರ್, ಆದ್ರೆ ರೇಟು ಬೇರೆ ಆಗ್ತದೆ. ಹೆಚ್ಚಿನವರು ಕೇಳುದಿಲ್ಲ." ಸ್ಟೇನ್‌ಲೆಸ್‌ನಲ್ಲಿಯೂ ಎರಡು ಬಗೆ ನೆನಪಿರಲಿ. ಸಾಮಾನ್ಯವಾಗಿ ಸಿಗುವ 304 ದರ್ಜೆಯದ್ದು ಸಮುದ್ರದ ಗಾಳಿಗೆ ಚಹಾ ಕಲೆಯಂಥ ಕಂದು ಮಚ್ಚೆ ಎಬ್ಬಿಸುತ್ತದೆ. 316 ದರ್ಜೆಯದರಲ್ಲಿ ಶೇಕಡಾ ಎರಡು-ಮೂರರಷ್ಟು ಮಾಲಿಬ್ಡಿನಮ್ ಇರುವುದರಿಂದ ಉಪ್ಪಿಗೆ ಹೆಚ್ಚು ತಡೆದುಕೊಳ್ಳುತ್ತದೆ. ಬಂದರಿನ ಅಥವಾ ಮಲ್ಪೆಯ ಕಡೆ ಬೋಟಿನ ಸಾಮಾನು ಮಾರುವ ಅಂಗಡಿಗಳಲ್ಲಿ 316 ಎಂದು ಬಿಡಿಸಿ ಹೇಳಿ ಕೇಳಬೇಕು. ನಾನು ನೆಲದ ಅಡಿಗೆ ಹೋಗುವ ಬೋಲ್ಟುಗಳನ್ನೆಲ್ಲ ಅದಕ್ಕೇ ಬದಲಾಯಿಸಿದೆ. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನು ಒಣಗಿದ್ದಾಗಲೇ ಜೋರಾಗಿ ತಿರುಗಿಸಿದರೆ ಎಳೆಗಳು ಒಂದಕ್ಕೊಂದು ಬೆಸೆದುಕೊಂಡು ಹಿಂದಕ್ಕೂ ಬರುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ, ಕೊನೆಗೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಎಳೆಗೆ ಸ್ವಲ್ಪ ಆಂಟಿ-ಸೀಝ್ ಪೇಸ್ಟ್ ಸವರಿ ನಿಧಾನವಾಗಿ ಬಿಗಿದರೆ ಈ ತಾಪತ್ರಯವಿಲ್ಲ.

ಕೂರಿಸುವ ಕೆಲಸ ಅರ್ಧ ದಿನದ್ದು, ಆದರೆ ಅವಸರದ್ದಲ್ಲ. ಕೊರೆಯುವ ಮೊದಲು ಗಾಡಿಯ ಅಡಿಗೆ ಮಲಗಿ ಡೀಸೆಲ್ ಪೈಪು, ಬ್ರೇಕ್ ಪೈಪು, ವಯರಿಂಗ್ ಎಲ್ಲೆಲ್ಲಿ ಹಾದುಹೋಗಿವೆ ಎಂದು ನೋಡಿ, ಛಾಸಿಯ ಅಡ್ಡಪಟ್ಟಿಗಳನ್ನು ತಪ್ಪಿಸಿ ಗುರುತು ಹಾಕಬೇಕು. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಒರಗು ಬಾಗಿಸಿ, ಆಗಲೂ ಜ್ಯಾಕಿನ ಹಿಡಿಗೆ ತಾಗುವುದಿಲ್ಲವೇ ಎಂದು ಪರೀಕ್ಷಿಸಬೇಕು. ಹೊಸದಾಗಿ ಕೊರೆದ ತೂತಿನ ಬರಿ ಲೋಹಕ್ಕೆ ಆಗಿಂದಾಗಲೇ ಜಿಂಕ್ ಪ್ರೈಮರ್ ಹಚ್ಚಿ, ಬೋಲ್ಟಿನ ಸುತ್ತ ಸೀಲೆಂಟ್ ಕೊಡದಿದ್ದರೆ ಜ್ಯಾಕನ್ನು ತುಕ್ಕಿನಿಂದ ಉಳಿಸಲು ಹೋಗಿ ಗಾಡಿಯ ನೆಲವನ್ನೇ ತುಕ್ಕಿಗೆ ಒಪ್ಪಿಸಿದಂತಾಗುತ್ತದೆ. ಹಳೆಯ ಥಾರ್‌ನ ಹಿಂಭಾಗದಲ್ಲಿ ಎದುರುಬದುರು ಬೆಂಚುಗಳಿರುವುದರಿಂದ ಮುಂದಿನ ಸೀಟಿನ ಹಿಂದೆ ಅಡ್ಡಲಾಗಿ ಮಲಗಿದ ಜ್ಯಾಕ್ ಹಿಂದೆ ಕೂತವರ ಕಾಲಿಗೆ ತೀರ ಅಡ್ಡಿಯಾಗುವುದಿಲ್ಲ. ಹತ್ತಿ ಇಳಿಯುವ ಮಕ್ಕಳ ಮೊಣಕಾಲ ಕೆಳಗೆ ತಾಗದಂತೆ ಪಟ್ಟಿಯ ತುದಿಗೆ ಹಳೆಯ ಹೋಸ್ ಪೈಪಿನ ತುಂಡೊಂದನ್ನು ಸಿಕ್ಕಿಸಬೇಕಾಯಿತು.

ಬಿಗಿಯುವ ನಾಬ್‌ಗಳ ಬಗ್ಗೆ ನನಗೆ ಪೂರ್ತಿ ಸಮಾಧಾನವಿಲ್ಲ. ಅವು ನಕ್ಷತ್ರದಾಕಾರದ ಪ್ಲಾಸ್ಟಿಕ್ ನಾಬ್‌ಗಳು. ಒಳಗೆ ಹಿತ್ತಾಳೆಯ ಎಳೆ ಕೂರಿಸಿದ್ದಾರೆ, ಬರಿಗೈಯಿಂದ ಬಿಗಿಯಲು, ಬಿಚ್ಚಲು ಸುಲಭ. ಆದರೆ ತೋಟದ ದಾರಿಯ ಕುಲುಕಾಟಕ್ಕೆ ಸಡಿಲವಾಗುತ್ತವೆ. ಚಾರ್ಮಾಡಿ ಘಾಟಿಯಂಥ ಡಾಂಬರು ರಸ್ತೆಯಲ್ಲಿ ಏನೂ ಆಗುವುದಿಲ್ಲ. ಬೆಳ್ತಂಗಡಿ, ಸುಳ್ಯದ ಒಳಭಾಗಗಳ ಕಲ್ಲುದಾರಿಯಲ್ಲಿ ಸಾಗಿದ ಮೇಲೆ ಕೈಯಿಟ್ಟು ನೋಡಿದರೆ ಕಾಲು ಸುತ್ತಿನಷ್ಟು ಸಡಿಲ. ನಾಬ್‌ನ ಅಡಿಗೆ ಸ್ಪ್ರಿಂಗ್ ವಾಶರ್ ಹಾಕಿ, ಸ್ಟಡ್‌ನ ತುದಿಯಲ್ಲಿ ಸಣ್ಣ ತೂತು ಕೊರೆಸಿ ಆರ್ ಪಿನ್ (ಇಂಗ್ಲಿಷಿನ ಆರ್ ಅಕ್ಷರದಂತೆ ಬಾಗಿಸಿದ ತಂತಿಯ ಪಿನ್) ಸಿಕ್ಕಿಸಿದ ಮೇಲೆ ಈ ತೊಂದರೆ ನಿಂತಿತು. ಈ ತೂತನ್ನು ಶೆಡ್ಡಿನವರೇ ಕೊರೆದು ಕೊಡುವಂತಾದರೆ ಬೇರೆ ದೊಡ್ಡ ತಕರಾರು ಉಳಿಯುವುದಿಲ್ಲ. ಮಳೆಯಲ್ಲಿ, ಕತ್ತಲಲ್ಲಿ, ಒದ್ದೆ ಕೈಯಲ್ಲಿ ಎರಡು ಆರ್ ಪಿನ್ನು ಎಳೆದು ಎರಡು ನಾಬ್ ತಿರುಗಿಸಿ ಜ್ಯಾಕನ್ನು ಹೊರತೆಗೆಯಲು ಒಂದೆರಡು ನಿಮಿಷ ಸಾಕು, ಸ್ಪ್ಯಾನರ್ ಹುಡುಕಬೇಕಾಗಿಲ್ಲ.

ಜ್ಯಾಕನ್ನು ಯಾವ ಭಂಗಿಯಲ್ಲಿ ಇಡಬೇಕೆಂಬುದಕ್ಕೂ ಕ್ರಮವಿದೆ. ಹಿಡಿಯನ್ನು ಪಟ್ಟಿಗೆ ಒತ್ತಿ ಕ್ಲಿಪ್ ಹಾಕಿ, ಲ್ಯಾಚನ್ನು, ಎಂದರೆ ಜ್ಯಾಕ್ ಏರಬೇಕೋ ಇಳಿಯಬೇಕೋ ಎಂದು ಬದಲಿಸುವ ಸಣ್ಣ ಕೊಂಡಿಯನ್ನು, ಮೇಲೇರುವ ಸ್ಥಾನದಲ್ಲಿಯೇ ಬಿಡಬೇಕು. ಇಳಿಯುವ ಸ್ಥಾನದಲ್ಲಿ ಬಿಟ್ಟರೆ ಭಾರವಿಲ್ಲದ ಭಾಗ ಪಟ್ಟಿಯುದ್ದಕ್ಕೂ ಜಾರಿ ಬಂದು ತಳದ ತಟ್ಟೆಗೆ ಬಡಿಯುತ್ತದೆ. ಹಿಡಿ ಪಟ್ಟಿಗೆ ಬಡಿಯುವ ಕಟಕಟ ಸದ್ದು ಇನ್ನೊಂದು ಪೀಡೆ. ಇದಕ್ಕೆಂದೇ ಪಾಲಿಯುರೆಥೇನ್‌ನ ಕೀಪರ್‌ಗಳು ಸಿಗುತ್ತವೆ, ಚೆನ್ನಾಗಿಯೂ ಇರುತ್ತವೆ, ಆದರೆ ಹಳೆಯ ಸೈಕಲ್ ಟ್ಯೂಬನ್ನು ಎರಡು ಬೆರಳಗಲಕ್ಕೆ ಕತ್ತರಿಸಿ ಎರಡು ಕಡೆ ಸುತ್ತಿದರೆ ಆಗುವ ಕೆಲಸಕ್ಕೆ ಅಷ್ಟು ದುಡ್ಡು ಕೊಡಬೇಕೆಂದು ನನಗೆ ಅನ್ನಿಸುವುದಿಲ್ಲ.

ಪಿನ್ನುಗಳಿರುವ ಭಾಗಕ್ಕೆ ಹೊದಿಸುವ ನಿಯೋಪ್ರೀನ್ ಕವರ್‌ಗಳ ಬಗ್ಗೆ ಬೇರೆ ಊರಿನವರು ಹೊಗಳುವುದನ್ನು ನಾನು ಅಲ್ಲಗಳೆಯುವುದಿಲ್ಲ. ಒಣ ಹವೆಯಲ್ಲಿ ಅವು ಧೂಳನ್ನು ತಡೆಯುತ್ತವೆ. ನಮ್ಮಲ್ಲಿ ಅದೇ ಕವರ್ ಒಮ್ಮೆ ಒಳಹೊಕ್ಕ ತೇವವನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕೆಲದಿನ ಕಟ್ಟಿಟ್ಟು ಬಿಚ್ಚಿದರೆ ಒಳಗಿನ ಸ್ಪ್ರಿಂಗಿನ ಮೇಲೆ ಕಿತ್ತಳೆ ಬಣ್ಣದ ಹುಡಿ ಬೆರಳಿಗೆ ಹತ್ತುತ್ತದೆ. ಒಳಗೆ ಬಿಗಿದ ಜ್ಯಾಕಿಗೆ ಈ ಕವರ್ ಬೇಡವೇ ಬೇಡ. ಹೊರಗೆ ಇಡುವವರು ಸೀಟ್ ಕವರ್ ಹೊಲಿಯುವವರ ಹತ್ತಿರ ಹೋಗಿ, ಮೇಲ್ಭಾಗ ಮುಚ್ಚಿದ, ಅಡಿ ಪೂರ್ತಿ ತೆರೆದ ರೆಕ್ಸಿನ್ ಟೋಪಿ ಹೊಲಿಸಿಕೊಳ್ಳಲಿ. ಮಳೆ ಮೇಲಿಂದ ಬರುವುದಿಲ್ಲ, ತೇವ ಕೆಳಗಿನಿಂದ ಹೊರಹೋಗುತ್ತದೆ. ಎಣ್ಣೆಯ ವಿಷಯದಲ್ಲಿ ಹೇಳುವುದಾದರೆ ಗ್ರೀಸು, ಸುಟ್ಟ ಎಂಜಿನ್ ಆಯಿಲ್ ಎರಡೂ ಬೇಡ. ಅವು ಮುರಕಲ್ಲಿನ ಧೂಳನ್ನು ಕರೆದು ಕೂರಿಸಿಕೊಂಡು ಉಜ್ಜುವ ಕಲ್ಲಿನಂತಾಗುತ್ತವೆ. ಪಿನ್ನುಗಳನ್ನು ಡೀಸೆಲ್ ಹಚ್ಚಿದ ಬ್ರಶ್ಶಿನಿಂದ ತೊಳೆದು, ಒರೆಸಿ, ಬೇಸಿಗೆಯಲ್ಲಿ ಸಿಲಿಕೋನ್ ಸ್ಪ್ರೇ, ಮಳೆಗಾಲದಲ್ಲಿ ಹೊಲಿಗೆ ಯಂತ್ರದ ತೆಳು ಎಣ್ಣೆ ಬಿಡುವುದು ನನ್ನ ಪದ್ಧತಿ. ಡಬ್ಲ್ಯೂಡಿ-40 ಕೊಳೆ ತೆಗೆಯಲು ಒಳ್ಳೆಯದು, ಆದರೆ ಬೇಗನೆ ಆರಿಹೋಗುವುದರಿಂದ ಅದೊಂದನ್ನೇ ನಂಬಿಕೊಂಡಿರಬಾರದು.

ಈ ಬ್ರ್ಯಾಕೆಟ್ಟಿನಿಂದ ಸಿಕ್ಕ ಇನ್ನೊಂದು ಅನುಕೂಲ, ತಳಹಲಗೆಗೂ ಅದರಲ್ಲೇ ಜಾಗವಾದದ್ದು. ಜ್ಯಾಕಿನ ತಳದ ತಟ್ಟೆ ಅಂಗೈಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಮಳೆಗಾಲದ ಗದ್ದೆಯಂಚಿನಲ್ಲಾಗಲಿ ಮರಳಿನಲ್ಲಾಗಲಿ ಗಾಡಿ ಏಳುವ ಬದಲು ಜ್ಯಾಕೇ ಕೆಳಗೆ ಇಳಿಯುತ್ತದೆ. ಒಂದೂವರೆ ಅಡಿ ಚೌಕದ, ಒಂದಕ್ಕೊಂದು ಅಂಟಿಸಿದ ಎರಡು ಪದರ ಮರೈನ್ ಪ್ಲೈವುಡ್ಡಿಗೆ ಒಂದು ತೂತು ಕೊರೆದು, ಒಂದು ಬದಿಯ ಸ್ಟಡ್‌ನ ಮೇಲೆ ಜ್ಯಾಕಿಗಿಂತ ಮೊದಲು ಅದನ್ನು ಕೂರಿಸಿದರೆ ಎರಡೂ ಒಟ್ಟಿಗೇ ಬಿಗಿಯಾಗಿರುತ್ತವೆ. ಇದಕ್ಕಾಗಿ ಸ್ಟಡ್ ಒಂದೂವರೆ ಇಂಚು ಉದ್ದ ಹೆಚ್ಚಿರಬೇಕು, ಮಾಡಿಸುವಾಗಲೇ ಹೇಳಿಬಿಡಿ.

2020ರ ನಂತರದ ಹೊಸ ಥಾರ್, 2023ರಲ್ಲಿ ಬಂದ ಮಾರುತಿ ಜಿಮ್ನಿ ಇರುವವರು ಬ್ರ್ಯಾಕೆಟ್ಟಿಗಿಂತ ಮೊದಲು ಯೋಚಿಸಬೇಕಾದದ್ದು ಬೇರೆಯೇ ಇದೆ. ಈ ಗಾಡಿಗಳ ಬಂಪರುಗಳು ಪ್ಲಾಸ್ಟಿಕ್ಕಿನವು, ಹೈ-ಲಿಫ್ಟಿನ ನಾಲಿಗೆಯನ್ನು ಕೊಟ್ಟು ಎತ್ತುವುದಕ್ಕೆ ಅವುಗಳಲ್ಲಿ ಎಡೆಯಿಲ್ಲ. ಬಲವಾದ ಬದಿಯ ಸ್ಲೈಡರ್ (ಬಾಗಿಲಿನ ಕೆಳಗೆ ಉದ್ದಕ್ಕೆ ಬಿಗಿಯುವ ಉಕ್ಕಿನ ಪೈಪು) ಹಾಕಿಸದೆ, ಅಥವಾ ಚಕ್ರದ ರಿಮ್ಮಿಗೇ ಕೊಕ್ಕೆ ಹಾಕಿ ಎತ್ತುವ ಲಿಫ್ಟ್-ಮೇಟ್‌ನಂಥ ಸಾಧನವನ್ನು ಜೊತೆಗಿಟ್ಟುಕೊಳ್ಳದೆ ಈ ಜ್ಯಾಕ್ ಅವರಿಗೆ ಬರಿಯ ಭಾರ. ನೇರವಾಗಿ ಹೇಳುವುದಾದರೆ, ಸುಮಾರು 1,200 ಕಿಲೋ ತೂಗುವ ಜಿಮ್ನಿಗೆ ಗಾಡಿಯ ಜೊತೆ ಬಂದ ಜ್ಯಾಕ್, ಒಂದು ದಪ್ಪ ಹಲಗೆ, ಒಳ್ಳೆಯ ಎಳೆಯುವ ಪಟ್ಟಿ ಇವುಗಳಲ್ಲಿಯೇ ಹೆಚ್ಚಿನ ಕೆಲಸ ಮುಗಿಯುತ್ತದೆ. ಹಳೆಯ ಜೀಪು, ಹಳೆಯ ಥಾರ್, ಜಿಪ್ಸಿಗಳಂಥ ಉಕ್ಕಿನ ಬಂಪರಿನ ಗಾಡಿಗಳಿಗೆ ಮಾತ್ರ ಹೈ-ಲಿಫ್ಟ್ ಸಹಜವಾಗಿ ಒಗ್ಗುತ್ತದೆ. ಜಿಪ್ಸಿಯವರು ಟೇಪು ಹಿಡಿದು ಒಳಗಿನ ಅಗಲವನ್ನು ಅಳೆದ ಮೇಲೆಯೇ 48 ಇಂಚಿನದ್ದೋ 42 ಇಂಚಿನದ್ದೋ ಎಂದು ತೀರ್ಮಾನಿಸಲಿ. 60 ಇಂಚಿನದನ್ನು ಯಾವ ಗಾಡಿಯೊಳಗೂ ಅಡ್ಡಲಾಗಿ ಮಲಗಿಸುವ ಆಸೆ ಬೇಡ.

ಬೆಲೆ ಬೋಲ್ಟು ಬಿಟ್ಟು ನಾಲ್ಕು ಸಾವಿರ ರೂಪಾಯಿಯ ಒಳಗೆ ಬಂತು. 316 ದರ್ಜೆಯ ಬೋಲ್ಟು, ನಟ್ಟು, ವಾಶರ್‌ಗಳಿಗೆ ಮತ್ತೆ ಒಂದಿಷ್ಟು. ಆನ್‌ಲೈನಿನಲ್ಲಿ ಸಿಗುವ ಅಲ್ಯೂಮಿನಿಯಂ ಬ್ರ್ಯಾಕೆಟ್ಟುಗಳು ಇದಕ್ಕಿಂತ ಹಗುರ, ನೋಡಲು ಅಂದ, ಆದರೆ ಅಲ್ಯೂಮಿನಿಯಂ ಮತ್ತು ಉಕ್ಕು ಉಪ್ಪು ತೇವದಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಸಮುದ್ರದಿಂದ ಹತ್ತು ಮೈಲಿಯೊಳಗೆ ಇರುವವರಿಗೆ ನಾನು ಅವನ್ನು ಶಿಫಾರಸು ಮಾಡಲಾರೆ. ಶೆಡ್ಡಿನವರು ಹೇಳಿದ ದಿನಕ್ಕಿಂತ ತಡಮಾಡಿಯೇ ಕೊಟ್ಟರು ಎಂಬುದನ್ನು ಹೇಳದಿದ್ದರೆ ವಿಮರ್ಶೆ ಪೂರ್ತಿಯಾಗದು. ಆದರೆ ಅಂಚಿನ ತುಕ್ಕನ್ನು ತೋರಿಸಿದಾಗ ದುಡ್ಡು ತೆಗೆದುಕೊಳ್ಳದೆ ಉಜ್ಜಿ, ಪ್ರೈಮರ್ ಹಚ್ಚಿ, ಮತ್ತೆ ಬಣ್ಣ ಮಾಡಿಕೊಟ್ಟರು. ಈಗ ಹೊಸದಾಗಿ ಮಾಡಿಸುವವರು ಸ್ಟಡ್‌ಗಳ ನಡುವೆ ಒಂದು ಸಣ್ಣ ಉಕ್ಕಿನ ಡಬ್ಬಿಯನ್ನೂ ವೆಲ್ಡ್ ಮಾಡಿಸಿಕೊಳ್ಳಬಹುದು. ನನ್ನದರಲ್ಲಿ ಅದನ್ನು ಆಮೇಲೆ ಸೇರಿಸಿದ್ದು. ಹೆಚ್ಚುವರಿ ಪಿನ್ನು, ಸ್ಪ್ರಿಂಗುಗಳ ರಿಪೇರಿ ಕಿಟ್ಟು, ಭಾರ ಮಿತಿಮೀರಿದಾಗ ತಾನೇ ತುಂಡಾಗುವ ಒಂದು ಶಿಯರ್ ಬೋಲ್ಟು, ಬ್ರಶ್ಶು ಮತ್ತು ಎಣ್ಣೆಯ ಶೀಶೆ ಅದರಲ್ಲಿ ಇರುತ್ತವೆ, ಮುಚ್ಚಳಕ್ಕೆ ಒಂದೇ ಒಂದು ಸ್ಕ್ರೂ.